ಕುಡಿತ ಬಿಟ್ಟ ಅಣ್ಣ ಬೇರೆ ಮನುಷ್ಯನಾಗಿದ್ದಾನಾ?

ಪ್ರಶ್ನೆ: ನನಗೆ 44 ವರ್ಷ. ತವರು ಶಿವಮೊಗ್ಗ ಜಿಲ್ಲೆ. ನನ್ನ ಅಣ್ಣ ಹದಿನಾಲ್ಕು ವರ್ಷ ವಿಪರೀತ ಕುಡಿದ. ಅಪ್ಪ ಬೆವರು ಸುರಿಸಿ ಮಾಡಿದ ಅಡಿಕೆ ತೋಟದಲ್ಲಿ ಅರ್ಧ ಮಾರಿದ. ಅತ್ತಿಗೆಗೆ ಹೊಡೆಯುತ್ತಿದ್ದ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನು ಬಳೆ ಅಡವಿಟ್ಟು ಕೊಟ್ಟ ದುಡ್ಡನ್ನೂ ಕುಡಿದು ಮುಗಿಸಿದ. ಆರು ವರ್ಷದ ಹಿಂದೆ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದ. ಅಲ್ಲಿಂದ ಒಂದು ತೊಟ್ಟೂ ಮುಟ್ಟಿಲ್ಲ. ದುಡಿಯುತ್ತಾನೆ, ಮನೆ ನೋಡಿಕೊಳ್ಳುತ್ತಾನೆ. ಊರವರೆಲ್ಲ "ಅವನೀಗ ಬೇರೆಯೇ ಮನುಷ್ಯ" ಅನ್ನುತ್ತಾರೆ. ನಾನು ಹಳೆಯದನ್ನು ಎತ್ತಿದರೆ ಅವನು "ಅದು ನಾನಲ್ಲ ಕಣೇ, ಅವನು ಸತ್ತುಹೋದ. ಎಷ್ಟೋ ನನಗೆ ನೆನಪೂ ಇಲ್ಲ. ಏಳು ವರ್ಷಕ್ಕೆ ದೇಹದ ಒಂದೊಂದು ಕಣವೂ ಹೊಸದಾಗುತ್ತಂತೆ" ಅನ್ನುತ್ತಾನೆ. ಅಮ್ಮ ಮಾತ್ರ "ಹುಟ್ಟುಗುಣ ಸುಟ್ಟರೂ ಹೋಗಲ್ಲ, ಹುಷಾರಾಗಿರು" ಅನ್ನುತ್ತಾಳೆ. ಈಗ ಅವನ ಮಗಳ ಮದುವೆ. ಎಲ್ಲ ಮರೆತು ಬಾ ಅಂತ ಕರೆದಿದ್ದಾನೆ. ಯಾರ ಮಾತು ನಂಬಲಿ? ಮನುಷ್ಯ ನಿಜವಾಗಿ ಬದಲಾಗುತ್ತಾನಾ? ನಾಳೆ ಮತ್ತೆ ಕುಡಿದರೆ, ಇಷ್ಟು ದಿನದ್ದು ಸುಳ್ಳು ಅಂತ ಆಯ್ತಲ್ವಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಅಣ್ಣ ಬದಲಾಗಿದ್ದಾರೆ ಎಂದು ನಂಬಲು ಒಳ್ಳೆಯ ಕಾರಣಗಳಿವೆ. ಹಾಗೆಯೇ ತೋಟ ಮಾರಿದ್ದು, ಅತ್ತಿಗೆಗೆ ಹೊಡೆದದ್ದು, ಆಸ್ಪತ್ರೆಯ ದುಡ್ಡು ಕುಡಿದದ್ದು ಅವರೇ. ಈ ಎರಡೂ ಒಟ್ಟಿಗೆ ನಿಜ. ನಿಮ್ಮ ಮನೆಯಲ್ಲಿ ಅಣ್ಣ ಒಂದನ್ನು ಹಿಡಿದುಕೊಂಡಿದ್ದಾರೆ, ಅಮ್ಮ ಇನ್ನೊಂದನ್ನು ಹಿಡಿದುಕೊಂಡಿದ್ದಾರೆ. ನಡುವೆ ಸಿಕ್ಕಿಕೊಂಡಿರುವುದು ನೀವು. ಒಂದನ್ನು ಒಪ್ಪಿಕೊಂಡರೆ ಇನ್ನೊಂದನ್ನು ಬಿಟ್ಟುಕೊಡಬೇಕು ಎಂಬ ಭಯ ನಿಮ್ಮ ಪತ್ರದ ತುಂಬ ಇದೆ. ಹಾಗೇನೂ ಬಿಟ್ಟುಕೊಡಬೇಕಿಲ್ಲ.

ಅಮ್ಮನ ಮಾತನ್ನು ಮೊದಲು ತೆಗೆದುಕೊಳ್ಳೋಣ. ಅದು ಬರೀ ಗಾದೆಯಲ್ಲ, ದೊಡ್ಡ ದೊಡ್ಡ ವಿದ್ವಾಂಸರೂ ಹಾಗೆಯೇ ನಂಬಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ, ಮೂವತ್ತು ವರ್ಷ ದಾಟುವ ಹೊತ್ತಿಗೆ ಬಹುಪಾಲು ಜನರ ಸ್ವಭಾವ ಪ್ಲಾಸ್ಟರ್ ಥರ ಗಟ್ಟಿಯಾಗುತ್ತದೆ, ಆಮೇಲೆ ಮೆತ್ತಗಾಗುವುದಿಲ್ಲ ಎಂದು ಬರೆದರು. ನೂರು ವರ್ಷ ಈ ಮಾತು ಹೆಚ್ಚು ಕಡಿಮೆ ಪಾಠದಂತೆ ನಡೆಯಿತು.

ಆಮೇಲೆ ಒಂದೇ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಅಳೆದ ಅಧ್ಯಯನಗಳು ಬಂದವು. 2000ದಲ್ಲಿ ಅಂಥ 152 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅಲ್ಲಿ ಅಳೆದದ್ದು ಇದನ್ನು: ತರಗತಿಯ ಮಕ್ಕಳೆಲ್ಲ ಬೆಳೆದರೂ ಉದ್ದನೆಯವನು ಉದ್ದನೆಯವನಾಗಿಯೇ ಉಳಿಯುವ ಹಾಗೆ, ಗುಣದಲ್ಲೂ ಜನರ ಸಾಲು ಹಾಗೇ ಉಳಿಯುತ್ತದಾ? ಸಾಲು ಒಂಚೂರೂ ಕದಲದಿದ್ದರೆ 1 ಅಂಕ, ಪೂರ್ತಿ ಕಲಸಿಹೋದರೆ 0. ಚಿಕ್ಕ ಮಕ್ಕಳಲ್ಲಿ ಅದು ಸುಮಾರು 0.31 ಬಂತು. ಕಾಲೇಜು ವಯಸ್ಸಿಗೆ 0.54, ಮೂವತ್ತಕ್ಕೆ 0.64, ಐವತ್ತರಿಂದ ಎಪ್ಪತ್ತರ ನಡುವೆ 0.74. ವಯಸ್ಸಾದಂತೆ ಗುಣ ಗಟ್ಟಿಯಾಗುವುದು ನಿಜ. ಅಷ್ಟರ ಮಟ್ಟಿಗೆ ನಿಮ್ಮ ಅಮ್ಮ ಸರಿ. ಆದರೆ ಎಪ್ಪತ್ತಕ್ಕೂ ಅದು 1 ಮುಟ್ಟುವುದಿಲ್ಲ.

2006ರಲ್ಲಿ ಇನ್ನೊಂದು ದೊಡ್ಡ ಲೆಕ್ಕ ಬಂತು, 92 ಅಧ್ಯಯನಗಳದ್ದು. ಜನ ಯಾವ ದಿಕ್ಕಿಗೆ ಬದಲಾಗುತ್ತಾರೆ ಎಂದು ಅದು ನೋಡಿತು. ಸರಾಸರಿ ಮನುಷ್ಯ ವಯಸ್ಸಾದಂತೆ ಹೆಚ್ಚು ಜವಾಬ್ದಾರಿಯವನಾಗುತ್ತಾನೆ, ಮನಸ್ಸಿನ ಏರಿಳಿತ ಕಡಿಮೆಯಾಗುತ್ತದೆ. ಈ ಬದಲಾವಣೆ ಹದಿಹರೆಯದಲ್ಲಿ ಜಾಸ್ತಿ ಇರಬೇಕು ಅಂತ ನಮಗೆ ಅನಿಸುತ್ತದೆ, ಅಲ್ವಾ? ಜಾಸ್ತಿ ಕಂಡದ್ದು ಇಪ್ಪತ್ತರಿಂದ ನಲವತ್ತರ ನಡುವೆ. ಪ್ಲಾಸ್ಟರ್ ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ.

ಸ್ಕಾಟ್ಲೆಂಡಿನ ಒಂದು ಅಧ್ಯಯನ ಇದಕ್ಕಿಂತಲೂ ಮುಂದೆ ಹೋಗುತ್ತದೆ. 1950ರಲ್ಲಿ ಹದಿನಾಲ್ಕು ವರ್ಷದ ಮಕ್ಕಳಿಗೆ ಅವರ ಶಿಕ್ಷಕರು ಆರು ಗುಣಗಳಲ್ಲಿ ಅಂಕ ಕೊಟ್ಟಿದ್ದರು. ಪಟ್ಟು ಹಿಡಿದು ಮಾಡುವುದು, ಆತ್ಮವಿಶ್ವಾಸ, ಮನಸ್ಸಿನ ಸ್ಥಿರತೆ ಇಂಥವು. ಅದೇ ಮಕ್ಕಳಲ್ಲಿ 174 ಜನರನ್ನು 77ನೇ ವಯಸ್ಸಿನಲ್ಲಿ ಮತ್ತೆ ಹಿಡಿದು ಅದೇ ಗುಣಗಳನ್ನು ಅಳೆದರು. ಹದಿನಾಲ್ಕರ ಅಂಕಕ್ಕೂ ಎಪ್ಪತ್ತೇಳರ ಅಂಕಕ್ಕೂ ಹೆಚ್ಚಿನ ಸಂಬಂಧವೇ ಕಾಣಲಿಲ್ಲ. ಇದೊಂದನ್ನೇ ಹಿಡಿದು ಹಾರಾಡಬಾರದು. ಜನ ಕಡಿಮೆ, ಅಂಕ ಕೊಟ್ಟವರು ಬೇರೆ ಬೇರೆ. ಆದರೂ 63 ವರ್ಷದ ಅಂತರದಲ್ಲಿ ಹುಟ್ಟುಗುಣ ಹಾಗೇ ಕೂತಿರುತ್ತದೆ ಎಂದು ಹೇಳಲು ಇದರಲ್ಲಿ ಆಧಾರ ಸಿಗುವುದಿಲ್ಲ.

ಹುಟ್ಟಿನಿಂದ ಬರುವುದು ಏನೂ ಇಲ್ಲವೇ? ಇದೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ಗುಣಗಳ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇಕಡ 40ರಿಂದ 50 ಭಾಗ ವಂಶವಾಹಿಯದ್ದು. ಕುಡಿತದ ಚಟಕ್ಕೆ ಬೀಳುವ ಒಲವಿನಲ್ಲೂ ಸುಮಾರು ಅರ್ಧ ಹಾಗೇ. ಆದರೆ ಒಲವು ಅಂದರೆ ವಿಧಿ ಅಲ್ಲ. ಚಿಕಿತ್ಸೆ, ಆಪ್ತಸಮಾಲೋಚನೆ ಪಡೆದವರ 207 ಅಧ್ಯಯನಗಳನ್ನು 2017ರಲ್ಲಿ ಒಟ್ಟುಹಾಕಿದಾಗ, ಸರಾಸರಿ 24 ವಾರಗಳಲ್ಲೇ ಜನರ ಸ್ವಭಾವದಲ್ಲಿ ಅಳೆಯುವಷ್ಟು ಬದಲಾವಣೆ ಕಂಡಿತ್ತು. ಮುಖ್ಯವಾಗಿ ಆತಂಕ, ಸಿಡಿಮಿಡಿ ಕಡಿಮೆಯಾಗಿತ್ತು. ಹಾಗಾಗಿ ನಿಮ್ಮ ಅಣ್ಣನ ಆರು ವರ್ಷವನ್ನು ನಾಟಕ ಎಂದು ತಳ್ಳಿಹಾಕಬೇಡಿ. ಆರು ವರ್ಷ, ಅದೂ ಸಂಸಾರದ ನಡುವೆ, ನಾಟಕ ಮಾಡುವುದು ಬಹಳ ಕಷ್ಟ.

ಇನ್ನು ಅಣ್ಣನ ಮಾತು. ಏಳು ವರ್ಷಕ್ಕೆ ದೇಹ ಪೂರ್ತಿ ಹೊಸದಾಗುತ್ತದೆ ಎಂಬುದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮಾತು. ಅದು ತಪ್ಪು. ಕೆಂಪು ರಕ್ತಕಣ ಸುಮಾರು 120 ದಿನಕ್ಕೆ ಬದಲಾಗುತ್ತದೆ, ನಿಜ. ಕರುಳಿನ ಒಳಪದರ ಕೆಲವೇ ದಿನಕ್ಕೆ. ಆದರೆ ಹೃದಯದ ಸ್ನಾಯುಕಣಗಳು ಇಪ್ಪತ್ತೈದರ ವಯಸ್ಸಿನಲ್ಲೂ ವರ್ಷಕ್ಕೆ ಶೇಕಡ 1ರಷ್ಟು ಮಾತ್ರ ಹೊಸದಾಗುತ್ತವೆ. ಮಿದುಳಿನ ಹೊರಪದರದ ನರಕೋಶಗಳು ಹೆಚ್ಚೂಕಡಿಮೆ ಹುಟ್ಟಿನಿಂದ ಸಾಯುವ ತನಕ ಅವೇ. ಅಣುಬಾಂಬು ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಹಿಡಿದುಕೊಂಡು ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ಪತ್ತೆಮಾಡಿದರು. ಇಲ್ಲಿಗೆ ಇದು ಸಾಕು. ಕಣವೆಲ್ಲ ಬದಲಾಗಿದ್ದರೂ ನಿಮ್ಮ ಪ್ರಶ್ನೆ ಹಾಗೇ ಉಳಿಯುತ್ತಿತ್ತು, ಬಳೆಯ ದುಡ್ಡಿನ ಸಾಲ ಉಳಿಯುತ್ತಿತ್ತು, ಅತ್ತಿಗೆಯ ಮೈಮೇಲಿನ ಗಾಯದ ಕಲೆ ಉಳಿಯುತ್ತಿತ್ತು.

"ನೆನಪಿಲ್ಲ" ಎಂಬುದು ಇದಕ್ಕಿಂತ ಗಂಭೀರವಾದ ಮಾತು. ಅದು ಸುಳ್ಳಾಗಿರಲೇಬೇಕು ಎಂದೇನಿಲ್ಲ. ಬೇಗ ಬೇಗ ಜಾಸ್ತಿ ಕುಡಿದಾಗ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಹೊಸ ನೆನಪನ್ನು ಬರೆದಿಡುವ ಕೆಲಸ ನಿಲ್ಲಿಸುತ್ತದೆ. ಮನುಷ್ಯ ಆಗ ಎಚ್ಚರವಾಗಿಯೇ ಇರುತ್ತಾನೆ. ನಡೆಯುತ್ತಾನೆ, ಜಗಳವಾಡುತ್ತಾನೆ, ಹೊಡೆಯುತ್ತಾನೆ. ಬೆಳಿಗ್ಗೆ ಅದು ಮರೆತುಹೋಗಿರುವುದಲ್ಲ, ಮೊದಲೇ ದಾಖಲಾಗಿರುವುದಿಲ್ಲ. ಎಷ್ಟು ಕೆದಕಿದರೂ ಸಿಗುವುದಿಲ್ಲ. ನಿಮಗೆ ಅಕ್ಷರ ಅಕ್ಷರ ನೆನಪಿರುವ ರಾತ್ರಿ ಅವರ ತಲೆಯಲ್ಲಿ ಇಲ್ಲವೇ ಇಲ್ಲ. ಇದು ನಿಮಗೆ ಎಷ್ಟು ಹಿಂಸೆ ಕೊಡಬಹುದು ಎಂದು ನನಗೆ ಅರ್ಥವಾಗುತ್ತದೆ. ಇಂಥ ಕುಟುಂಬಗಳ ಜೊತೆ ಕೂತಾಗ ನಾನು ಹೆಚ್ಚಾಗಿ ಕೇಳಿದ ಅಳಲು ಇದೇ: "ನಾನೊಬ್ಬಳೇ ಯಾಕೆ ನೆನಪು ಹೊರಬೇಕು?"

ನೆನಪಿಲ್ಲದಿದ್ದರೆ ಅದನ್ನು ಮಾಡಿದವನು ನಾನಲ್ಲ ಎನ್ನಬಹುದಾ? ಇಂಗ್ಲೆಂಡಿನ ದಾರ್ಶನಿಕ ಜಾನ್ ಲಾಕ್ 1694ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡದ್ದು, ಆಶ್ಚರ್ಯವೆಂದರೆ, ಕುಡುಕನ ಉದಾಹರಣೆಯಿಂದಲೇ. ಅವನ ಪ್ರಕಾರ ಒಬ್ಬ ವ್ಯಕ್ತಿಯನ್ನು ಆ ವ್ಯಕ್ತಿಯನ್ನಾಗಿ ಉಳಿಸುವುದು ದೇಹವಲ್ಲ, ಆತ್ಮವೂ ಅಲ್ಲ, ಅರಿವು. ಇಂದಿನಿಂದ ಹಿಂದಕ್ಕೆ ಚಾಚಿ "ಅದನ್ನು ಮಾಡಿದವನು ನಾನು" ಎಂದು ಹಿಡಿಯಬಲ್ಲ ಅರಿವು. ಹಾಗಾದರೆ ಅಮಲಿನಲ್ಲಿ ಮಾಡಿದ್ದು ನೆನಪೇ ಇಲ್ಲದವನಿಗೆ ಅಮಲಿಳಿದ ಮೇಲೆ ಶಿಕ್ಷೆ ಯಾಕೆ? ನಿಜವಾಗಿ ಮರೆತವನು ಯಾರು, ಮರೆತ ಹಾಗೆ ನಟಿಸುವವನು ಯಾರು ಎಂದು ಮನುಷ್ಯರ ನ್ಯಾಯಾಲಯಕ್ಕೆ ತಿಳಿಯುವುದಿಲ್ಲ, ಅದಕ್ಕೇ ಶಿಕ್ಷೆ ಎಂದು ಲಾಕ್ ಉತ್ತರಿಸಿದ. ಈ ಉತ್ತರ ನನಗೆ ಸಾಲದು. ನಿಜವಾಗಿ ಮರೆತವನಿಗೂ ಮಾಡಿದ್ದರ ಹೊಣೆ ಇದೆ ಎಂದೇ ನನ್ನ ನಂಬಿಕೆ.

ನಮ್ಮ ಕಾನೂನೂ ಆ ಕಡೆಗೇ ವಾಲುತ್ತದೆ. 1860ರ ದಂಡ ಸಂಹಿತೆಯ 86ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 24ನೆಯದು. ಒಬ್ಬ ತಾನಾಗಿಯೇ ಕುಡಿದಿದ್ದರೆ, ಕುಡಿಯದೆ ಇದ್ದಾಗ ಅವನಿಗೆ ಇರುತ್ತಿದ್ದ ತಿಳಿವಳಿಕೆಯೇ ಆಗಲೂ ಇತ್ತು ಎಂದು ಎಣಿಸಬೇಕು ಎನ್ನುತ್ತದೆ ಅದು. ಬೇರೆಯವರು ಬಲವಂತವಾಗಿಯೋ ಗೊತ್ತಿಲ್ಲದ ಹಾಗೆಯೋ ಕುಡಿಸಿದ್ದರೆ ಮಾತ್ರ ಬೇರೆ ಲೆಕ್ಕ. ಲೋಟ ಎತ್ತಿದ ಕೈ ಯಾರದ್ದೋ ಹೊಣೆಯೂ ಅವರದ್ದೇ.

ನಿಮ್ಮ ಅಣ್ಣ ಹೇಳುವ "ಅವನು ಸತ್ತುಹೋದ" ಎಂಬ ವಾದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ಒಳ್ಳೆಯ ಉತ್ತರ ನಮ್ಮಲ್ಲೇ ಇದೆ. ಆತ್ಮ ಇದೆ, ಅದು ಬದಲಾಗುವುದಿಲ್ಲ ಎಂದವರು ನ್ಯಾಯ ದರ್ಶನದವರು. ಬದಲಾಗದ ಆತ್ಮ ಎಂಬುದು ಇಲ್ಲವೇ ಇಲ್ಲ, ಕ್ಷಣ ಕ್ಷಣವೂ ಹೊಸದು ಎಂದವರು ಬೌದ್ಧರು. ಇವರಿಬ್ಬರ ಜಗಳ ನೂರಾರು ವರ್ಷ ನಡೆಯಿತು. ನೈಯಾಯಿಕರ ದೊಡ್ಡ ಆಕ್ಷೇಪ ಇದು: ಮಾಡಿದವನು ಬೇರೆ, ಉಣ್ಣುವವನು ಬೇರೆ ಎಂದಾದರೆ ಮಾಡಿದ್ದಕ್ಕೆ ಫಲವಿಲ್ಲ, ಮಾಡದವನಿಗೆ ಫಲ. ಅದನ್ನು ಕೃತಹಾನಿ, ಅಕೃತಾಭ್ಯಾಗಮ ಎಂದು ಕರೆದರು. ಬೌದ್ಧರು ಇದಕ್ಕೆ ಏನಂದರು ಎನ್ನುವುದೇ ನಿಮ್ಮ ವಿಷಯಕ್ಕೆ ಮುಖ್ಯ. ಯಾಕೆಂದರೆ ನಿಮ್ಮ ಅಣ್ಣ ಗೊತ್ತಿಲ್ಲದೆಯೇ ಅವರ ಪಕ್ಷ ಹಿಡಿದಿದ್ದಾರೆ.

ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ವಾಯವ್ಯ ಭಾರತವನ್ನು ಆಳಿದ ಗ್ರೀಕ್ ದೊರೆ ಮೆನಾಂಡರ್. ಪಾಲಿ ಗ್ರಂಥಗಳಲ್ಲಿ ಅವನು ಮಿಲಿಂದ. ಅವನು ನಾಗಸೇನ ಎಂಬ ಭಿಕ್ಷುವನ್ನು ಕೇಳುತ್ತಾನೆ: ಮುಂದಿನ ಜನ್ಮದಲ್ಲಿ ಹುಟ್ಟುವುದು ಬೇರೆ ನಾಮರೂಪ, ಅಂದರೆ ಬೇರೆ ಮನಸ್ಸು ಮತ್ತು ದೇಹವಾದರೆ ಹಳೆಯ ಪಾಪದಿಂದ ತಪ್ಪಿಸಿಕೊಂಡ ಹಾಗಲ್ಲವೇ? ನಾಗಸೇನ ಮಾವಿನ ಕಳ್ಳನ ಉದಾಹರಣೆ ಕೊಡುತ್ತಾನೆ. ಒಬ್ಬ ಇನ್ನೊಬ್ಬನ ಮರದ ಮಾವಿನಹಣ್ಣು ಕದ್ದ. ಹಿಡಿದು ರಾಜನ ಮುಂದೆ ನಿಲ್ಲಿಸಿದಾಗ ಅವನು ವಾದಿಸಿದ: "ಇವನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ. ಹಾಗಾಗಿ ನಾನು ಇವನ ಮಾವು ಕದ್ದಿಲ್ಲ." ದೊರೆಯೇ, ಅವನಿಗೆ ಶಿಕ್ಷೆ ಆಗಬೇಕೋ ಬೇಡವೋ? ಆಗಲೇಬೇಕು ಎನ್ನುತ್ತಾನೆ ಮಿಲಿಂದ. ಯಾಕೆ? ಅವನು ಏನೇ ಹೇಳಲಿ, ಕಿತ್ತ ಹಣ್ಣು ಬಂದದ್ದು ನೆಟ್ಟ ಮಾವಿನಿಂದಲೇ.

ನೋಡಿ, ಬದಲಾಗದ ತಿರುಳೇ ಇಲ್ಲ ಎಂದು ಹೇಳುವವರೇ ಲೆಕ್ಕ ಚುಕ್ತಾ ಆಯಿತು ಎಂದು ಒಪ್ಪುವುದಿಲ್ಲ. ಇಂದಿನ ನಿಮ್ಮ ಅಣ್ಣ ಅಂದಿನ ಅಣ್ಣನಿಂದಲೇ ಬೆಳೆದು ಬಂದವರು. ಅವರು ಮಾರಿದ ತೋಟದ ಹೊಣೆ ಅವರ ಮೇಲೇ ಇದೆ. ಅಷ್ಟೇ ಏಕೆ, ಈ ಆರು ವರ್ಷದ ಗೌರವ ಅವರಿಗೆ ಸಲ್ಲಬೇಕಾದರೂ ಕುಡುಕನಾಗಿದ್ದವನು ಅವರೇ ಆಗಿರಬೇಕು. ಸತ್ತವನು ಯಾರೋ, ಬದುಕಿರುವವನು ಯಾರೋ ಎಂದಾದರೆ ಕುಡಿತ ಬಿಟ್ಟವರು ಯಾರು? ಈಗಿನವರು ಕುಡಿದೇ ಇಲ್ಲ, ಬಿಡುವ ಮಾತೆಲ್ಲಿ ಬಂತು? ಇದನ್ನು ಅವರಿಗೆ ಸಿಟ್ಟಿಲ್ಲದೆ ಹೇಳಿನೋಡಿ. ಅವರ ವಾದ ಅವರ ಸಾಧನೆಯನ್ನೇ ಅವರಿಂದ ಕಸಿದುಕೊಳ್ಳುತ್ತದೆ.

ನನಗೆ ಬಹಳ ಇಷ್ಟವಾದ, ನಿಮ್ಮ ಪತ್ರ ಓದುವಾಗ ಮೊದಲು ನೆನಪಾದ ಕಥೆಯೊಂದಿದೆ. ಅಂಗುಲಿಮಾಲನದ್ದು. ಅವನು ಜನರನ್ನು ಕೊಂದು ಬೆರಳಿನ ಸರ ಹಾಕಿಕೊಂಡಿದ್ದು, ಬುದ್ಧನನ್ನು ಕಂಡು ಬದಲಾಗಿದ್ದು ಎಲ್ಲರಿಗೂ ಗೊತ್ತು. ಶಾಲೆಯ ಪಾಠ ಅಲ್ಲಿಗೇ ನಿಲ್ಲುತ್ತದೆ. ಪಾಲಿ ಕಥೆ ನಿಲ್ಲುವುದಿಲ್ಲ. ಭಿಕ್ಷುವಾದ ಮೇಲೆ ಒಂದು ದಿನ ಅವನು ಶ್ರಾವಸ್ತಿಯಲ್ಲಿ ಹೆರಿಗೆ ಕಷ್ಟವಾಗಿ ನರಳುವ ಹೆಂಗಸನ್ನು ನೋಡುತ್ತಾನೆ. ಬಂದು ಬುದ್ಧನಿಗೆ ಹೇಳುತ್ತಾನೆ. ಬುದ್ಧ ಹೇಳುತ್ತಾನೆ: ಹೋಗಿ ಅವಳಿಗೆ ಹೀಗೆ ಹೇಳು, "ತಂಗಿ, ಹುಟ್ಟಿದಾಗಿನಿಂದ ನಾನು ಬೇಕೆಂದು ಯಾವ ಜೀವವನ್ನೂ ತೆಗೆದಿಲ್ಲ. ಈ ಸತ್ಯದಿಂದ ನಿನಗೂ ಮಗುವಿಗೂ ಒಳ್ಳೆಯದಾಗಲಿ." ಅಂಗುಲಿಮಾಲ ತಡೆಯುತ್ತಾನೆ. ಹಾಗೆ ಹೇಳಿದರೆ ತಿಳಿದೂ ಸುಳ್ಳು ಹೇಳಿದ ಹಾಗಲ್ಲವೇ, ನಾನು ಎಷ್ಟೋ ಜನರನ್ನು ಕೊಂದಿದ್ದೇನೆ. ಆಗ ಬುದ್ಧ ಮಾತನ್ನು ತಿದ್ದುತ್ತಾನೆ: "ಆರ್ಯಜನ್ಮದಲ್ಲಿ ಹುಟ್ಟಿದಾಗಿನಿಂದ" ಎಂದು ಹೇಳು. ಅಂದರೆ ಭಿಕ್ಷುವಾದಾಗಿನಿಂದ. ಅವನು ಹೋಗಿ ಹಾಗೆಯೇ ಹೇಳುತ್ತಾನೆ, ತಾಯಿ ಮಗು ಇಬ್ಬರೂ ಉಳಿಯುತ್ತಾರೆ.

ಹೊಸ ಜನ್ಮ ಎಂಬುದನ್ನು ಕಥೆ ಪೂರ್ತಿ ಒಪ್ಪಿಕೊಂಡಿದೆ. ಆದರೆ ಆ ಮಾತನ್ನು ಹೇಳುವ ಮುಂಚೆ "ನಾನು ಕೊಂದಿದ್ದೇನೆ" ಎಂದವನು ಅಂಗುಲಿಮಾಲನೇ. ಬುದ್ಧ ಕೇಳಿರಲಿಲ್ಲ, ಅವನೇ ಹೇಳಿದ.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಆಮೇಲೊಂದು ದಿನ ಭಿಕ್ಷೆಗೆ ಹೋದಾಗ ಅವನ ಮೇಲೆ ಕಲ್ಲು, ಕೋಲು ಬೀಳುತ್ತವೆ. ತಲೆ ಒಡೆದು ರಕ್ತ, ಒಡೆದ ಭಿಕ್ಷಾಪಾತ್ರೆ, ಹರಿದ ಚೀವರ, ಅಂದರೆ ಭಿಕ್ಷುವಿನ ಬಟ್ಟೆ. ಆ ಸ್ಥಿತಿಯಲ್ಲಿ ಬಂದವನಿಗೆ ಬುದ್ಧ "ಪಾಪ, ನೀನೀಗ ಬೇರೆಯವನು, ಜನಕ್ಕೆ ಗೊತ್ತಿಲ್ಲ" ಎನ್ನುವುದಿಲ್ಲ. ಸಹಿಸಿಕೋ ಎನ್ನುತ್ತಾನೆ. ನೀನು ಮಾಡಿದ್ದರ ಫಲವನ್ನು ಇಲ್ಲೇ ಉಣ್ಣುತ್ತಿದ್ದೀಯ ಎನ್ನುತ್ತಾನೆ. ಹೊಸ ಜನ್ಮವೂ ಇದೆ, ಕಲ್ಲೂ ಇದೆ. ನಿಮ್ಮ ಮೌನ, ನಿಮ್ಮ ಸಿಟ್ಟು, ನಿಮ್ಮ ಅನುಮಾನ ನಿಮ್ಮ ಅಣ್ಣ ಸಹಿಸಬೇಕಾದವು. ಅವು ಇರುವುದರಿಂದ ಅವರ ಬದಲಾವಣೆ ಸುಳ್ಳಾಗುವುದಿಲ್ಲ.

ಆದರೂ ಒಂದು ಮಾತು ಅಣ್ಣನ ಪರವಾಗಿ ಹೇಳಲೇಬೇಕು. "ಅದು ನಾನಲ್ಲ" ಎನ್ನುವಾಗ ಅವರು ನಿಮ್ಮ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದು ನನಗೆ ಅನಿಸುವುದಿಲ್ಲ. ಅವರಿಗೆ ನಿಜವಾಗಿಯೂ ಹಾಗೇ ಅನಿಸುತ್ತಿರಬಹುದು. 2015ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ನೀನಾ ಸ್ಟ್ರೊಮಿಂಗರ್ ಮತ್ತು ಶಾನ್ ನಿಕೋಲ್ಸ್, ಮಿದುಳು, ನರಗಳ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯವರನ್ನು ಮಾತಾಡಿಸಿದರು. ಯಾವಾಗ ನಿಮ್ಮವರು ನಿಮಗೆ "ಯಾರೋ ಬೇರೆಯವರು" ಅನಿಸಿದರು? ನೆನಪು ಹೋದಾಗ ಎಂದು ನಾವು ಊಹಿಸುತ್ತೇವೆ. ಹಾಗಿರಲಿಲ್ಲ. ಕರುಣೆ, ಪ್ರಾಮಾಣಿಕತೆ, ಇನ್ನೊಬ್ಬರ ನೋವಿಗೆ ಮಿಡಿಯುವುದು, ಇವು ಕೆಟ್ಟಾಗ ಆ ಭಾವನೆ ಹೆಚ್ಚಾಗಿ ಬರುತ್ತಿತ್ತು. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಬಂಡೆ ಸಿಡಿಸುವಾಗ ತಲೆಗೆ ಕಬ್ಬಿಣದ ಸಲಾಕೆ ತೂರಿದ ಫಿನಿಯಸ್ ಗೇಜ್ ಬಗ್ಗೆಯೂ ಅವನ ಸ್ನೇಹಿತರು ಇವನು ಗೇಜ್ ಅಲ್ಲ ಎಂದರು. ಅವನಿಗೆ ನೆನಪು, ಮಾತು ಎಲ್ಲ ಇತ್ತು. ಹೋಗಿದ್ದು ನಡತೆಯ ಹದ. ಆಮೇಲೆ ಅವನು ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿ ಬದುಕಿದ, ಬಹಳಷ್ಟು ಸುಧಾರಿಸಿದ್ದ ಎಂದೇ ಕಾಣುತ್ತದೆ. ಅವನ ಕಥೆಯಲ್ಲಿ ಈ ಭಾಗವನ್ನು ಹೇಳುವವರು ಕಡಿಮೆ.

ಇನ್ನೊಂದು ವಿಷಯವೂ ಪದೇ ಪದೇ ಕಂಡುಬಂದಿದೆ. ಮನುಷ್ಯ ಕೆಟ್ಟದ್ದರಿಂದ ಒಳ್ಳೆಯದಕ್ಕೆ ತಿರುಗಿದರೆ ನಾವು "ಒಳಗಿದ್ದ ನಿಜವಾದ ಮನುಷ್ಯ ಹೊರಬಂದ" ಎನ್ನುತ್ತೇವೆ. ಒಳ್ಳೆಯದರಿಂದ ಕೆಟ್ಟದ್ದಕ್ಕೆ ತಿರುಗಿದರೆ "ಇವನು ಅವನಲ್ಲ" ಎನ್ನುತ್ತೇವೆ. ನಮ್ಮೆಲ್ಲರಿಗೂ ಒಳ್ಳೆಯ ಗುಣವನ್ನೇ ಅಸಲಿ ಎಂದು ಎಣಿಸುವ ಒಲವಿದೆ. ನಿಮ್ಮ ಅಣ್ಣ, ಊರವರು ಇಬ್ಬರೂ ಮಾಡುತ್ತಿರುವುದು ಅದನ್ನೇ. ನಿಮ್ಮ ಅಮ್ಮನಿಗೆ ಮಾತ್ರ ಅದು ಕಷ್ಟವಾಗಿದೆ. ಅವರಷ್ಟು ಕಂಡವರಿಗೆ ಕಷ್ಟವಾಗುವುದೇ ಸರಿ.

ಕುಡಿತ ಬಿಟ್ಟವರ ಸಂಘಟನೆಗಳು ಈ ಗಂಟನ್ನು ಹೇಗೆ ಬಿಡಿಸಿಕೊಂಡಿವೆ ನೋಡಿ. ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾದದ್ದು 1935ರಲ್ಲಿ, ಅಮೆರಿಕದ ಓಹಿಯೋ ರಾಜ್ಯದ ಆಕ್ರನ್ ಊರಿನಲ್ಲಿ, ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರಿಂದ. ಕರ್ನಾಟಕದಲ್ಲೂ ಅದರ ಸಭೆಗಳು ನಡೆಯುತ್ತವೆ. ಅಲ್ಲಿ ಇಪ್ಪತ್ತು ವರ್ಷ ಕುಡಿಯದವರೂ ಎದ್ದು ನಿಂತು ತಮ್ಮ ಹೆಸರು ಹೇಳಿ "ನಾನೊಬ್ಬ ಕುಡುಕ" ಎಂದೇ ಮಾತು ಶುರುಮಾಡುತ್ತಾರೆ. ನಮ್ಮ ಮದ್ಯವರ್ಜನ ಶಿಬಿರಗಳ ರೀತಿ ಬೇರೆ. ಅಲ್ಲಿ ಬಿಟ್ಟು ಬಂದವರನ್ನು ನವಜೀವನ ಸದಸ್ಯರು ಎಂದು ಕರೆಯುತ್ತಾರೆ, ಹಾರ ಹಾಕುತ್ತಾರೆ, ಹೆಂಡತಿ ಮಕ್ಕಳ ಮುಂದೆ ಹೊಸ ಬದುಕಿನ ಮಾತು ಕೊಡಿಸುತ್ತಾರೆ. ಎರಡೂ ರೀತಿಯಿಂದ ಬದುಕು ಕಟ್ಟಿಕೊಂಡವರಿದ್ದಾರೆ. ಕೆಳಗೆ ಬಿದ್ದವನಿಗೆ ತಾನು ಇನ್ನೊಬ್ಬನಾಗಬಲ್ಲೆ ಎಂಬ ಆಸೆ ಇಲ್ಲದೆ ಏಳಲು ಆಗುವುದಿಲ್ಲ. ಹಾಗಾಗಿ ಮೊದಲ ದಿನಗಳಲ್ಲಿ "ಹಳೆಯವನು ಸತ್ತ" ಎಂಬ ಮಾತು ನಿಮ್ಮ ಅಣ್ಣನನ್ನು ಉಳಿಸಿರಬಹುದು. ಆರು ವರ್ಷದ ನಂತರ ಅದೇ ಮಾತು ನಿಮ್ಮನ್ನು ದೂರ ತಳ್ಳುತ್ತಿದೆ.

ಅನಾನಿಮಸ್‌ನವರ ಹನ್ನೆರಡು ಹೆಜ್ಜೆಗಳಲ್ಲಿ ಎಂಟನೆಯದು, ನಾನು ಯಾರಿಗೆಲ್ಲ ನೋವು ಮಾಡಿದ್ದೇನೆ ಎಂದು ಪಟ್ಟಿ ಮಾಡುವುದು. ಒಂಬತ್ತನೆಯದು, ಸಾಧ್ಯವಾದ ಕಡೆಯೆಲ್ಲ ನೇರವಾಗಿ ಹೋಗಿ ಅದನ್ನು ಸರಿಪಡಿಸುವುದು, ಅದರಿಂದ ಅವರಿಗೇ ಇನ್ನಷ್ಟು ತೊಂದರೆ ಆಗದಿದ್ದರೆ. ಕ್ಷಮೆ ಸಿಗುತ್ತದೆ ಎಂಬ ಭರವಸೆ ಅಲ್ಲಿ ಎಲ್ಲೂ ಇಲ್ಲ. ನಿಮ್ಮ ಮನೆಯಲ್ಲಿ ಆಗದೆ ಉಳಿದಿರುವ ಕೆಲಸ ಈ ಎರಡು ಎಂದು ನನ್ನ ಅನಿಸಿಕೆ. ನಿಮ್ಮ ಅಣ್ಣ ಕುಡಿತ ಬಿಟ್ಟಿದ್ದಾರೆ. ನಿಮ್ಮ ಎದುರು ಕೂತು "ಅಪ್ಪನ ಔಷಧಿಯ ದುಡ್ಡು ನಾನೇ ಕುಡಿದೆ" ಎಂದು ಹೇಳಿಲ್ಲ. ನೆನಪಿಲ್ಲ ಎಂದರೆ, ನಿಮಗೆ ನೆನಪಿರುವುದನ್ನು ಪೂರ್ತಿ ಕೇಳಿಸಿಕೊಳ್ಳಬಹುದು. ನೆನಪಿಲ್ಲದ್ದನ್ನೂ ತನ್ನದು ಎಂದು ಒಪ್ಪಿಕೊಳ್ಳಲು ಆಗುತ್ತದೆ. ಅದಕ್ಕೆ ಬೇಕಾದದ್ದು ನಿಮ್ಮ ಮಾತಿನ ಮೇಲೆ ನಂಬಿಕೆ.

ಬದಲಾವಣೆ ಎಷ್ಟು ಆಳದ್ದು ಎಂದು ತಿಳಿಯಲು ಊರವರನ್ನು ಕೇಳಬೇಡಿ, ಅಮ್ಮನನ್ನೂ ಕೇಳಬೇಡಿ. ಅತ್ತಿಗೆಯನ್ನು ಕೇಳಿ, ಅದೂ ಒಬ್ಬರೇ ಇದ್ದಾಗ. ಕುಡಿದವರೆಲ್ಲ ಹೆಂಡತಿಗೆ ಹೊಡೆಯುವುದಿಲ್ಲ. ಕುಡಿತ ಬಿಟ್ಟ ಮೇಲೂ ಹೊಡೆಯುವವರಿದ್ದಾರೆ. ಹೆಂಡ ನಿಂತಿತು ಎಂಬುದೂ ಕೈ ನಿಂತಿತು ಎಂಬುದೂ ಬೇರೆ ಬೇರೆ ಸುದ್ದಿ. ಸಿಟ್ಟು ಬಂದಾಗ ಈಗ ಅವರು ಏನು ಮಾಡುತ್ತಾರೆ, ದುಡ್ಡು ಯಾರ ಕೈಯಲ್ಲಿದೆ, ಅತ್ತಿಗೆ ಇಷ್ಟವಿಲ್ಲ ಎಂದು ಹೇಳಿದರೆ ಆ ಮಾತಿಗೆ ಬೆಲೆ ಇದೆಯಾ, ಇಂಥವನ್ನು ಕೇಳಿ. ಇಷ್ಟಕ್ಕೆ ಅವರಿಂದ ಒಳ್ಳೆಯ ಉತ್ತರ ಬಂದರೆ ನಿಮ್ಮ ಅಣ್ಣನ ಗುಣವೇ ಬದಲಾಗಿದೆ ಎಂದು ಧೈರ್ಯವಾಗಿ ನಂಬಬಹುದು.

ಈಗ ನಿಮ್ಮ ಬಗ್ಗೆ ಎರಡು ಮಾತು. ಪತ್ರದಲ್ಲಿ ನೀವು ನಿಮ್ಮ ಬಗ್ಗೆ ಏನೂ ಕೇಳಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 18ರಿಂದ 68 ವರ್ಷದ 19,000ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಪ್ರಶ್ನೆ ಕೇಳಿದರು. ಹಿಂದಿನ ಹತ್ತು ವರ್ಷದಲ್ಲಿ ನೀವು ಎಷ್ಟು ಬದಲಾದಿರಿ? ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾಗುತ್ತೀರಿ? ಯಾವ ವಯಸ್ಸಿನವರೇ ಆಗಲಿ, ಮೊದಲ ಗುಂಪಿನವರು ಹಿಂದೆ ಬಹಳ ಬದಲಾದೆ ಎಂದರು, ಎರಡನೆಯ ಗುಂಪಿನವರು ಮುಂದೆ ಅಷ್ಟೇನೂ ಬದಲಾಗುವುದಿಲ್ಲ ಎಂದರು. ಬದಲಾವಣೆ ನನ್ನ ಮಟ್ಟಿಗೆ ಮುಗಿಯಿತು ಎಂದು ಎಲ್ಲರಿಗೂ, ಎಲ್ಲ ವಯಸ್ಸಿನಲ್ಲೂ ಅನಿಸುತ್ತದೆ. ಹದಿನಾಲ್ಕು ವರ್ಷ ಆ ಮನೆಯ ಚಿಂತೆ ಹೊತ್ತು ನೀವೂ ಬದಲಾಗಿದ್ದೀರಿ. ರಾತ್ರಿ ಫೋನು ಬಂದರೆ ಎದೆ ಹೊಡೆದುಕೊಳ್ಳುವುದು, ಯಾರೇ ಒಳ್ಳೆಯ ಮಾತಾಡಿದರೂ ಹಿಂದೆ ಏನಿದೆ ಎಂದು ಹುಡುಕುವುದು, ಇವು ಇಂಥ ಮನೆಗಳಲ್ಲಿ ಬೆಳೆಯುವ ಗುಣಗಳು. ಆಗ ಅವು ನಿಮ್ಮನ್ನು ಕಾಪಾಡಿದವು. ಅದೇ ನಿಮ್ಮ ಸ್ವಭಾವ, ಇನ್ನು ಹೀಗೇ ಎಂದು ತೀರ್ಮಾನ ಮಾಡಿಬಿಡಬೇಡಿ. ಅಣ್ಣ ಬದಲಾಗಬಹುದಾದರೆ ಅದರ ಪಾಲು ನಿಮಗೂ ಇದೆ. ಆದರೆ ಅವರು ಆರು ವರ್ಷದಲ್ಲಿ ಮುಗಿಸಿದರು ಅಂತ ನೀವೂ ಅಷ್ಟರಲ್ಲೇ ಮುಗಿಸಬೇಕಿಲ್ಲ.

ಮದುವೆಯ ವಿಷಯ. ಮದುವೆ ಮಗಳದ್ದು. ಅವಳೂ ಆ ಮನೆಯಲ್ಲಿ ನಿಮ್ಮಷ್ಟೇ, ಬಹುಶಃ ನಿಮಗಿಂತ ಜಾಸ್ತಿ ಅನುಭವಿಸಿದವಳು. ಅವಳಿಗಾಗಿ ಹೋಗುವುದಕ್ಕೆ ಅಣ್ಣನನ್ನು ಕ್ಷಮಿಸಿರಬೇಕಿಲ್ಲ. ನಾನಾಗಿದ್ದರೆ ಮದುವೆಯ ಗದ್ದಲಕ್ಕೆ ಮುಂಚೆ ಒಂದು ದಿನ ಅಣ್ಣನನ್ನು ಬೇರೆಯಾಗಿ ಕಂಡು ಹೀಗೆ ಹೇಳುತ್ತಿದ್ದೆ: "ನೀನು ಬದಲಾಗಿದ್ದೀಯ, ಅದನ್ನು ನಾನು ನೋಡಿದ್ದೇನೆ. ಮದುವೆಗೆ ಬರುತ್ತೇನೆ. ಎಲ್ಲ ಮರೆತು ಬಾ ಅಂತ ಮಾತ್ರ ಹೇಳಬೇಡ. ನಾನು ಮರೆಯದೇ ಬರುತ್ತೇನೆ." ಅದಕ್ಕೆ ಅವರು ಏನು ಹೇಳುತ್ತಾರೆ ಎಂಬುದರಲ್ಲಿ ನಿಮಗೆ ಬಹಳಷ್ಟು ತಿಳಿಯುತ್ತದೆ. ಸಿಡಿದರೆ ಒಂದು ಅರ್ಥ. ತಲೆತಗ್ಗಿಸಿ ಕೇಳಿದರೆ ಇನ್ನೊಂದು ಅರ್ಥ. ಬಳೆಯ ದುಡ್ಡಿನ ವಿಷಯವನ್ನೂ ಬಿಡಬೇಡಿ. ತಿಂಗಳಿಗೆ ಸ್ವಲ್ಪ ಸ್ವಲ್ಪ ಕೊಟ್ಟರೂ ಸರಿ, ಅದು ಬರೀ ಮಾತಿಗಿಂತ ದೊಡ್ಡದು.

ಕೊನೆಯದಾಗಿ, ಮತ್ತೆ ಕುಡಿದರೆ? ಆ ಸಾಧ್ಯತೆ ಇಲ್ಲ ಎಂದು ಯಾರೂ ಬರೆದುಕೊಡಲು ಆಗುವುದಿಲ್ಲ. ಆದರೆ ಬಿಟ್ಟು ವರ್ಷಗಳು ಕಳೆದಂತೆ ಅಪಾಯ ಕಡಿಮೆಯಾಗುತ್ತಾ ಹೋಗುತ್ತದೆ. ಮೊದಲ ತಿಂಗಳುಗಳು ಎಲ್ಲಕ್ಕಿಂತ ಕಷ್ಟದವು, ಅದನ್ನು ಅವರು ಎಂದೋ ದಾಟಿದ್ದಾರೆ. ಹೆಂಡದಿಂದ ಕುಗ್ಗಿದ ಮಿದುಳೂ ಬಿಟ್ಟ ಮೇಲೆ ಸ್ವಲ್ಪ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಹಾಗಿದ್ದೂ ಒಂದು ದಿನ ಮುಗ್ಗರಿಸಿದರು ಎನ್ನಿ. ಆಗ "ಅಸಲಿ ಮನುಷ್ಯ ಹೊರಬಿದ್ದ" ಎಂದು ಅಮ್ಮ ಹೇಳಬಹುದು. ಅದು ಸರಿಯಲ್ಲ. ಒಳ್ಳೆಯದನ್ನು ಮಾತ್ರ ಅಸಲಿ ಎನ್ನುವುದು ಹೇಗೆ ತಪ್ಪೋ, ಕೆಟ್ಟದ್ದನ್ನು ಮಾತ್ರ ಅಸಲಿ ಎನ್ನುವುದೂ ಅಷ್ಟೇ ತಪ್ಪು. ಅವರು ದುಡಿದ ಆರು ವರ್ಷ ನಡೆದುಹೋದದ್ದು, ಅದನ್ನು ಯಾವ ಬಾಟಲಿಯೂ ಅಳಿಸಲಾರದು. ಆ ಆರು ವರ್ಷದಲ್ಲಿ ಕಲಿತದ್ದನ್ನು ಹಿಡಿದೇ ಮತ್ತೆ ಏಳುವವರು ಬಹಳ ಜನ. ನೀವು ಮಾಡಬೇಕಾದದ್ದು ದುಡ್ಡು ಕೊಡದಿರುವುದು, ಮುಚ್ಚಿಡದಿರುವುದು, ತಡಮಾಡದೆ ವೈದ್ಯರ ಬಳಿ ಕರೆದೊಯ್ಯುವುದು. ಮತ್ತೆ ದಿನಾ ಕುಡಿಯಲು ಶುರುಮಾಡಿದ್ದರೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಲು ಹೋಗಬೇಡಿ, ಅದು ಜೀವಕ್ಕೇ ಅಪಾಯವಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗವಿದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ನಿಮಗೇ ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ 14416, ಟೆಲಿ ಮಾನಸ್. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.